ಕಲ್ಲುಬಾನಿಯೊಳಗಿನ ಕಪ್ಪೆಚಿಪ್ಪು

ನಾನು ಚಿಕ್ಕವನಿದ್ದಾಗ ಕಪ್ಪೆಚಿಪ್ಪಿನೊಳಗೆ ಕಪ್ಪೆಯೇ ಇರುತ್ತದೆ ಎಂದು ನಂಬಿದ್ದೆ. ನಾನೊಬ್ಬನೇ ಅಲ್ಲ, ಗುಬ್ಬಿಯ ನಮ್ಮ ಬೀದಿಯ ಮಕ್ಕಳೆಲ್ಲ ಹಾಗೇ ನಂಬಿದ್ದೆವು. ಹೆಸರೇ ಹಾಗಿತ್ತಲ್ಲ. ಆಮೆಯ ಚಿಪ್ಪಿನೊಳಗೆ ಆಮೆ ಇರುತ್ತದೆ, ಬಸವನಹುಳುವಿನ ಚಿಪ್ಪಿನೊಳಗೆ ಬಸವನಹುಳು ಇರುತ್ತದೆ. ಕಪ್ಪೆಚಿಪ್ಪಿನೊಳಗೆ ಕಪ್ಪೆಯಲ್ಲದೆ ಇನ್ನೇನು ಇರಬೇಕು?

ಖಾಲಿ ಚಿಪ್ಪುಗಳು ಕೆರೆಯ ದಂಡೆಯ ತುಂಬ ಬಿದ್ದಿರುತ್ತಿದ್ದವು. ಹೊರಗೆ ಕಪ್ಪು ಹಸಿರು, ಒಳಗೆ ತಿರುಗಿಸಿದರೆ ಮುತ್ತಿನ ಹೊಳಪು. ನಾವು ಚಿಪ್ಪಿನ ಬೆನ್ನನ್ನು ಒರಟು ಕಲ್ಲಿಗೆ ತಿಕ್ಕಿ ತಿಕ್ಕಿ ತೂತು ಮಾಡುತ್ತಿದ್ದೆವು. ತೂತಿನ ಅಂಚು ಬ್ಲೇಡಿನಷ್ಟು ಹರಿತವಾಗುತ್ತಿತ್ತು. ಅದರಲ್ಲಿ ಮಾವಿನಕಾಯಿಯ ಸಿಪ್ಪೆ ಹೆರೆದು, ಉಪ್ಪು ಖಾರದಪುಡಿ ಹಚ್ಚಿ ತಿನ್ನುತ್ತಿದ್ದೆವು. ಸಿಪ್ಪೆಯ ಜೊತೆ ಎಷ್ಟೋ ಸಲ ಹೆಬ್ಬೆಟ್ಟಿನ ಚರ್ಮವೂ ಹೋಗುತ್ತಿತ್ತು. ಬಾಯಲ್ಲಿಟ್ಟು ಚೀಪಿಕೊಂಡು ಮತ್ತೆ ಹೆರೆಯುತ್ತಿದ್ದೆವು.

ನಾನೀಗ ಹೇಳಹೊರಟಿರುವುದು ಒಂದು ದಿನದ ಮಾತು. ಅದರಲ್ಲಿ ಏಟಿದೆ, ರಕ್ತವಿದೆ. ಮಕ್ಕಳಿಗೆ ಇಂಥದ್ದನ್ನೆಲ್ಲ ಹೇಳಬಾರದು ಎನ್ನುವವರಿದ್ದಾರೆ. ಆದರೆ ಅಂದು ಅದನ್ನೆಲ್ಲ ಕಂಡವರೂ ಮಕ್ಕಳೇ ಆಗಿದ್ದೆವು. ಇನ್ನೊಂದು ಮಾತು. ಮುಂದೆ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದೆ. ಕಣ್ಣಾರೆ ಕಂಡೆ ಎಂದು ಯಾರಾದರೂ ಹೇಳಿದರೆ ಎಷ್ಟು ದೂರದಿಂದ ಕಂಡೆ, ಬೆಳಕಿತ್ತೇ, ನಿನ್ನ ಜೊತೆ ಇನ್ನಾರಿದ್ದರು ಎಂದು ಕೇಳುವ ಚಟ ಅಲ್ಲಿಂದ ಹತ್ತಿಕೊಂಡಿತು. ಅದೇ ಪ್ರಶ್ನೆಗಳನ್ನು ನನಗೆ ನಾನೇ ಹಾಕಿಕೊಂಡರೆ ಈ ಕಥೆ ಕೆಲವು ಕಡೆ ತೊದಲುತ್ತದೆ. ಅಂಥ ಕಡೆ ನಾನೂ ತೊದಲಿಯೇ ಹೇಳುತ್ತೇನೆ.

ಅಪ್ಪನದು ಜಟಕಾ ಗಾಡಿ. ರೈಲು ಬರುವ ಹೊತ್ತಿಗೆ ಸ್ಟೇಷನ್ನಿನ ಮುಂದೆ ಗಾಡಿ ನಿಲ್ಲಿಸಿ, ಇಳಿದವರನ್ನು ಊರೊಳಗೆ ತಂದು ಬಿಡುತ್ತಿದ್ದ. ನಮ್ಮ ಮನೆಯಲ್ಲಿ ಕುದುರೆಗೆ ಮೊದಲ ಮರ್ಯಾದೆ. ಅದಕ್ಕೆ ಹುರುಳಿ ಬೆಂದ ಮೇಲೆ ನಮಗೆ ಮುದ್ದೆ. ಮನೆಯ ಮುಂದೆ ಅದಕ್ಕೆ ನೀರು ಕುಡಿಯಲು ಒಂದು ದೊಡ್ಡ ಕಲ್ಲುಬಾನಿ ಇತ್ತು. ಆ ವರ್ಷ ಅಮ್ಮ ಬಾಣಂತನಕ್ಕೆಂದು ಕುಣಿಗಲ್ಲಿನ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅಪ್ಪ, ಅಕ್ಕ, ನಾನು. ಅಕ್ಕ ಮಿಡ್ಲ್ ಸ್ಕೂಲಿಗೆ ಹೋಗುತ್ತಿದ್ದಳು. ಅಡುಗೆಯೂ ಅವಳದೇ, ಬಾನಿಗೆ ನೀರು ತುಂಬಿಸುವುದೂ ಅವಳದೇ.

ಮುಂಗಾರು ತಡವಾಗಿತ್ತು. ಮಳೆ ತಡವಾದರೆ ನಮ್ಮ ಬೀದಿಯ ಹುಡುಗರು ಒಂದು ಜೀವಂತ ಕಪ್ಪೆಯನ್ನು ಹಿಡಿದು, ಒದ್ದೆ ಬಟ್ಟೆಯಲ್ಲಿ ಬೇವಿನ ಸೊಪ್ಪಿನ ಜೊತೆ ಸುತ್ತಿ, ಒನಕೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಹೆಂಗಸರು ಬಾಗಿಲಿಗೆ ಬಂದು ಕಪ್ಪೆಯ ಮೇಲೆ ಒಂದು ಚೊಂಬು ನೀರು ಸುರಿದು ಹುಡುಗರಿಗೆ ಹಿಟ್ಟು, ಬೆಲ್ಲ ಕೊಡುತ್ತಿದ್ದರು. ಕಪ್ಪೆ ಕೂಗಿದರೆ ಮಳೆ ಬರುತ್ತದೆಂಬ ಲೆಕ್ಕ. ಆದರೆ ಆ ವರ್ಷ ಹುಡುಕಿದರೂ ಒಂದು ಕಪ್ಪೆ ಸಿಗಲಿಲ್ಲ. ಬಾವಿಯ ಸಂದಿ, ಬಚ್ಚಲ ಗುಂಡಿ ಎಲ್ಲ ಕೆದಕಿದ್ದಾಯಿತು.

ಕಪ್ಪೆ ಎಲ್ಲಿದೆ ಎಂದು ಕಂಡುಹಿಡಿದವನು ಎದುರುಮನೆಯಣ್ಣ. ನಮ್ಮ ಎದುರುಮನೆಯ ಈ ಹುಡುಗ ಅಕ್ಕನಿಗಿಂತ ದೊಡ್ಡವನು, ಆಗಲೇ ತುಟಿಯ ಮೇಲೆ ಚಿಗುರು ಮೀಸೆ ಬಂದಿತ್ತು. ಬೀದಿಯ ಹುಡುಗರೆಲ್ಲ ಅವನು ಹೇಳಿದ ಹಾಗೆ ಕೇಳುತ್ತಿದ್ದರು.

"ಕಪ್ಪೆ ಎಲ್ಲೋಯ್ತು ಅಂದ್ಕೊಂಡ್ಯಲಾ? ಬೇಸ್ಗೇಲಿ ಅದು ಚಿಪ್ಪೊಳಕ್ಕೆ ಸೇರ್ಕೊಂಡು ಬಾಗ್ಲಾಕ್ಕೊಂಡು ಮಲಿಕತ್ತದೆ. ಮಳೆ ಬಿದ್ದೇಟ್ಗೆ ಬಾಗ್ಲು ತಗ್ದು ಎಗರ್ತದೆ. ಅದ್ಕೇ ಕಣೋ ದಂಡೆ ಮ್ಯಾಲೆ ಅಷ್ಟೊಂದು ಖಾಲಿ ಚಿಪ್ಪು."

ಈ ಮಾತನ್ನು ನಗೆಯಾಡಿ ತಳ್ಳಿಹಾಕಬೇಡಿ. ದಂಡೆಯ ಮೇಲೆ ಖಾಲಿ ಚಿಪ್ಪುಗಳಿದ್ದವು. ಬೇಸಿಗೆಯಲ್ಲಿ ಕಪ್ಪೆ ಕಾಣುತ್ತಿರಲಿಲ್ಲ. ಮೊದಲ ಮಳೆ ಬಿದ್ದ ಸಂಜೆಯೇ ಊರೆಲ್ಲ ಕಪ್ಪೆ. ಸಾಕ್ಷಿ ಪೂರ್ತಿ ಅವನ ಕಡೆಗಿತ್ತು. ಮುಂದೆ ಎಷ್ಟೋ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಇದಕ್ಕಿಂತ ಬಡಕಲು ವಾದಗಳನ್ನು ನಾನು ಓದಿದ್ದೇನೆ.

ಬೆಳಿಗ್ಗೆ ಎಲ್ಲರೂ ಕೆರೆಗೆ ಹೋದೆವು. ಅಕ್ಕ ಕೊಡ ಹಿಡಿದುಕೊಂಡು ಬಂದಳು. ಕೆರೆಯ ನೀರು ನಡುವಿನ ಮಡುವಿಗೆ ಇಳಿದು, ಸುತ್ತ ಎಲ್ಲ ಕಪ್ಪು ಕೆಸರು. ಮೊಣಕಾಲವರೆಗೆ ಹೂತುಕೊಳ್ಳುವ ಆ ಕೆಸರಿನಲ್ಲಿ ಸತ್ತ ಮೀನಿನ ನಾತ, ಕೊಳೆತ ಜೊಂಡಿನ ನಾತ. ಹುಡುಗರು ಕೈಯಾಡಿಸಿ ಚಿಪ್ಪುಗಳನ್ನು ಕಿತ್ತು ಕಿತ್ತು ದಂಡೆಗೆ ಎಸೆದರು. ಎದುರುಮನೆಯಣ್ಣ ಬಂಡೆಯ ಪಕ್ಕ ಕುಳಿತು ಒಂದೊಂದನ್ನೇ ಇಟ್ಟು ಕಲ್ಲಿನಿಂದ ಚಚ್ಚತೊಡಗಿದ. ಚಿಪ್ಪು ಒಡೆಯುವ ಸದ್ದು ಹಪ್ಪಳ ಮುರಿದಂತೆ. ಆಮೇಲೆ ಲೊಚಕ್ಕೆನ್ನುವ ಇನ್ನೊಂದು ಸದ್ದು. ಒಳಗೆ ಬಿಳಿ, ಬೂದು ಬಣ್ಣದ ಮೆತ್ತನೆಯ ಮಾಂಸ. ಬೆರಳಿನಿಂದ ಕೆದಕಿ ನೋಡಿ ಬಿಸಾಡುತ್ತಿದ್ದ. ಹದ್ದುಗಳು ತಲೆಯ ಮೇಲೇ ಸುತ್ತುತ್ತ, ಬಿಸಾಡಿದ್ದನ್ನು ನೆಲಕ್ಕೆ ಬೀಳುವ ಮೊದಲೇ ಎತ್ತಿಕೊಂಡು ಹೋಗುತ್ತಿದ್ದವು. ಒಂದು ಹದ್ದು ಇನ್ನೊಂದರ ಕಾಲಿನಿಂದ ಕಿತ್ತುಕೊಂಡಿತು. ಕಾಗೆಗಳು, ಬೀದಿನಾಯಿಗಳು ಎಲ್ಲ ಬಂದವು. ಬಂಡೆ ಜಾರುವಷ್ಟು ಲೋಳೆಯಾಯಿತು. ನನಗೆ ಆಗ ಕನಿಕರ ಬಂತೆಂದು ಹೇಳಿದರೆ ಸುಳ್ಳಾಗುತ್ತದೆ. ನಾನೂ ಒಂದು ಕಲ್ಲು ಹುಡುಕಿಕೊಂಡು ಚಚ್ಚಿದೆ.

"ಇಷ್ಟು ಹೊಡುದ್ರಲ್ಲ, ಒಂದ್ರಲ್ಲಾದ್ರೂ ಕಪ್ಪೆ ಸಿಗ್ಬೇಕಿತ್ತಲ್ವಾ?" ಎಂದಳು ಅಕ್ಕ.

"ಇವಿನ್ನೂ ಎಳೇವು ಕಣಮ್ಮಿ," ಎಂದ ಎದುರುಮನೆಯಣ್ಣ. "ನೋಡು, ಮೈಯಾಗೆ ಮೂಳೇನೇ ಬಂದಿಲ್ಲ. ಬಲ್ತಿರೋದು ಬೇಕು."

ಅಕ್ಕ ಕೆಸರಿನ ಮೇಲೆ ಬಗ್ಗಿ ನೋಡುತ್ತಿದ್ದಳು. ಅಲ್ಲಿ ಗೆರೆಗಳಿದ್ದವು, ಯಾರೋ ಬೆರಳಿನಿಂದ ಎಳೆದಂಥ ಉದ್ದ ಗೆರೆಗಳು, ಎಲ್ಲವೂ ಮಡುವಿನ ಕಡೆಗೆ. ನೀರು ಹಿಂದೆ ಸರಿದ ಹಾಗೆಲ್ಲ ಚಿಪ್ಪುಗಳು ತಾವೇ ಉತ್ತುಕೊಂಡು ನೀರಿನ ಹಿಂದೆ ಹೋಗಿದ್ದವು. ಅಕ್ಕ ಒಂದು ಅಗಲದ ಗೆರೆಯನ್ನು ಹಿಡಿದು ಅದರ ಕೊನೆಯವರೆಗೂ ಹೋದಳು. ಕೈ ಹಾಕಿ ಎತ್ತಿದಾಗ ಬಂದದ್ದು ಅಪ್ಪನ ಅಂಗೈಗಿಂತ ದೊಡ್ಡ ಚಿಪ್ಪು. ಬೆನ್ನಿನ ಮೇಲೆ ಮರದ ದಿಮ್ಮಿಯಲ್ಲಿರುವ ಹಾಗೆ ಬಳೆ ಬಳೆ ಗುರುತು. ಅಪ್ಪನ ಅಂಗೈಗಿಂತ ದೊಡ್ಡದು ಎಂದೆ. ನಮ್ಮ ಕೆರೆಗಳಲ್ಲಿ ಅಷ್ಟು ದೊಡ್ಡದನ್ನು ಮುಂದೆ ನಾನು ಕಂಡದ್ದಿಲ್ಲ. ನನ್ನ ಕೈ ಆಗ ಚಿಕ್ಕದಿತ್ತು. ಆ ಅಳತೆಯನ್ನು ನೀವು ಸ್ವಲ್ಪ ಕಡಿಮೆ ಮಾಡಿಕೊಂಡರೂ ಅಡ್ಡಿಯಿಲ್ಲ.

ಹುಡುಗರು ಅತ್ತ ತಿರುಗಿದ್ದಾಗ ಅಕ್ಕ ಅದನ್ನು ಕೊಡದೊಳಗೆ ಹಾಕಿಕೊಂಡಳು. ಮನೆಗೆ ಬಂದು ಕಲ್ಲುಬಾನಿಯ ತಳಕ್ಕೆ ಒಂದಿಷ್ಟು ಮರಳು ಹಾಕಿ ಅದರ ಮೇಲಿಟ್ಟಳು. ಸಂಜೆಯ ರೈಲಿನ ಬಾಡಿಗೆ ಮುಗಿಸಿ ಅಪ್ಪ ಬರುವುದರೊಳಗೆ ಅದನ್ನು ತೆಗೆದು ಒಳಮನೆಯ ನೀರಿನ ಗುಡಾಣದಲ್ಲಿ ಬಚ್ಚಿಡಬೇಕು, ಮಳೆ ಬಂದು ಕೆರೆಗೆ ನೀರಾದ ಮೇಲೆ ಹೋಗಿ ಬಿಡಬೇಕು, ಅಲ್ಲಿಯವರೆಗೆ ಯಾರೂ ಅದನ್ನು ಚಚ್ಚದ ಹಾಗೆ ನೋಡಿಕೊಳ್ಳಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ. ಯಾಕೆ ಎಂದು ಕೇಳಿದ್ದಕ್ಕೆ, "ಅದು ನಡ್ಕೊಂಡು ಹೋಗಿತ್ತು ಕಣೋ," ಎಂದಳು.

ಮಧ್ಯಾಹ್ನವೆಲ್ಲ ನಾವಿಬ್ಬರೂ ಬಾನಿಯ ಅಂಚಿಗೆ ಗಲ್ಲ ಊರಿ ಕುಳಿತೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಚಿಪ್ಪು ಕೂದಲೆಳೆಯಷ್ಟು ಬಾಯಿ ಬಿಟ್ಟಿತು. ಒಂದು ಕಡೆಯಿಂದ ಬೆಳ್ಳಗಿನ ನಾಲಗೆಯಂಥದ್ದು ಹೊರಬಂದು ಮರಳನ್ನು ತಡವಿ, ಒಳಗೆ ಚುಚ್ಚಿ, ಚಿಪ್ಪನ್ನೇ ಎಳೆದು ನಿಲ್ಲಿಸಿತು. ಅರ್ಧ ಮೈ ಮರಳಿನಲ್ಲಿ, ಅರ್ಧ ಮೈ ನೀರಿನಲ್ಲಿ. ಅದು ನಾಲಗೆಯಲ್ಲ, ಪಾದ. ಅದರಿಂದಲೇ ಅದು ಕೆಸರು ಉಳುತ್ತ ಹೋಗುವುದು. ಮೇಲಿನ ತುದಿಯಲ್ಲಿ ಎರಡು ಸಣ್ಣ ಸೀಳು ಕಂಡವು. ಅಕ್ಕ ಅಡುಗೆಮನೆಯಿಂದ ಚಿಟಿಕೆ ಅರಿಶಿನ ತಂದು ಆ ಸೀಳುಗಳ ಹತ್ತಿರ ಉದುರಿಸಿದಳು. ಒಂದು ಸೀಳು ಅರಿಶಿನವನ್ನು ಒಳಕ್ಕೆ ಎಳೆದುಕೊಂಡಿತು. ಇನ್ನೊಂದರಿಂದ ಬರೀ ನೀರು ಹೊರಬರುತ್ತಿತ್ತು. ಹಳದಿ ಒಳಗೇ ಉಳಿಯಿತು. ನೀರನ್ನು ಕುಡಿದು, ಅದರಲ್ಲಿರುವ ಪಾಚಿಯ ಪುಡಿಯನ್ನು ಸೋಸಿ ತಿಂದು, ನೀರನ್ನು ಹಿಂದಕ್ಕೆ ಕೊಡುವುದು ಅದರ ಬದುಕು. ಸಂಜೆಯ ಹೊತ್ತಿಗೆ ಬಾನಿಯ ಹಸಿರು ನೀರು ತಿಳಿಯಾಗಿ ತಳದ ಕಲ್ಲು ಕಾಣುತ್ತಿತ್ತು ಎಂಬುದು ನನ್ನ ನೆನಪು. ಅಷ್ಟು ನೀರನ್ನು ಒಂದೇ ಚಿಪ್ಪು ಒಂದೇ ಮಧ್ಯಾಹ್ನದಲ್ಲಿ ಸೋಸಿತೇ? ಕೊಳೆ ತಾನಾಗಿಯೇ ಕೆಳಗೆ ಕುಳಿತಿರಲೂಬಹುದು. ಚಿಪ್ಪು ಹಾಕದೆ ಅದೇ ನೀರು ತುಂಬಿದ ಇನ್ನೊಂದು ಬಾನಿಯನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ನಾವು ನೋಡಲಿಲ್ಲ.

ಬಾನಿಯಲ್ಲಿ ಏನೋ ಇದೆ ಎಂದು ಬೀದಿಗೆ ಹೇಗೆ ತಿಳಿಯಿತೋ. ಬಿಸಿಲು ವಾಲುತ್ತಿದ್ದಾಗ ಎದುರುಮನೆಯಣ್ಣ ತನ್ನ ಹಿಂಡಿನ ಸಮೇತ ಬಂದು ನಿಂತ. ಒಬ್ಬನ ಹೆಗಲ ಮೇಲೆ ಆಗಲೇ ಒನಕೆ, ಬೇವಿನ ಸೊಪ್ಪು.

"ಅಮ್ಮಿ, ಬಲ್ತಿರೋ ಕಪ್ಪೆ ನಿನ್ ತಾವ ಐತಂತೆ. ಕೊಟ್ಬುಡು."

"ಕಪ್ಪೆ ಅಲ್ಲ ಅದು. ಅದೇ ಬ್ಯಾರೆ ಪ್ರಾಣಿ. ಅದ್ಕೆ ತಲೆ ಇಲ್ಲ, ಕಣ್ಣಿಲ್ಲ."

"ನೋಡ್ರಲಾ, ಸ್ಕೂಲ್ಗೋದ್ರೆ ಹಿಂಗೇಯ. ತಲೆ ಇಲ್ಲದ ಪ್ರಾಣಿ ಅಂತೆ. ಅದೆಂಗೆ ಉಣ್ತದೆ, ಹೊಕ್ಕಳಾಗಾ?"

ಹುಡುಗರು ಬಿದ್ದು ಬಿದ್ದು ನಕ್ಕರು. ಅವನು ಮಾತ್ರ ನಗಲಿಲ್ಲ. "ಊರ್ಗೆಲ್ಲ ಮಳೆ ಬ್ಯಾಡ್ವಾ? ನಿಮ್ಮಪ್ಪನ ಕುದ್ರೆಗೊಂದಕ್ಕೆ ನೀರಿದ್ರೆ ಆಗೋಯ್ತಾ?" ಎಂದ.

ಅದು ಸರಿಯಾದ ಜಾಗಕ್ಕೆ ತಾಗುವ ಮಾತು. ಅಕ್ಕ ಬಾನಿಗೆ ಅಡ್ಡವಾಗಿ ನಿಂತು, "ಒಳಗೆ ಕಪ್ಪೆ ಇದ್ದಿದ್ರೆ ನಾನೇ ಕೊಡ್ತಿದ್ದೆ," ಎಂದಳು.

ಅವನು ಅವಳನ್ನು ಸರಿಸಿ ಬಾನಿಗೆ ಕೈಹಾಕಿದ. ಅಕ್ಕ ಪಕ್ಕದಲ್ಲಿದ್ದ ಕಬ್ಬಿಣದ ಬಕೆಟ್ಟನ್ನು ಎತ್ತಿ ಅವನ ಮೊಣಕೈಗೆ ಬೀಸಿದಳು. ಮುಂದಿನದೆಲ್ಲ ಒಟ್ಟಿಗೇ ನಡೆಯಿತು. ಒಬ್ಬ ಅವಳ ಜಡೆ ಹಿಡಿದು ಜಗ್ಗಿದ, ಅವಳು ತಿರುಗಿ ಅವನ ಕೆನ್ನೆ ಪರಚಿದಳು. ಒಂದು ಕಲ್ಲು ಬಂದು ನಮ್ಮ ಮನೆಯ ಹೆಂಚಿಗೆ ಬಿತ್ತು, ಇನ್ನೊಂದು ಅಕ್ಕನ ಕಿವಿಯ ಹತ್ತಿರ. ನಾನು ಯಾರದೋ ಮೀನಖಂಡಕ್ಕೆ ಬಾಯಿ ಹಾಕಿ ಕಚ್ಚಿ ಹಿಡಿದೆ. ಉಪ್ಪು, ಮಣ್ಣು, ಕೂದಲು. ಅವನು ಒದ್ದ. ಬಾಯೊಳಗೆ ಏನೋ ಮುರಿದು ಬೆಚ್ಚಗಾಯಿತು. ಉಗಿದಾಗ ಹಲ್ಲು ಬಿತ್ತು. ಆ ಒದೆತಕ್ಕೇ ನನ್ನ ಹಲ್ಲು ಹೋಯಿತು ಎಂದು ನಾನು ಬಹಳ ಕಾಲ ಹೇಳಿಕೊಂಡು ತಿರುಗಿದೆ. ಆದರೆ ಅದು ಹಾಲುಹಲ್ಲು, ಮೊದಲೇ ಅಲ್ಲಾಡುತ್ತಿತ್ತೇನೋ. ಸುತ್ತಮುತ್ತಲಿನ ಬಾಗಿಲುಗಳಲ್ಲಿ ದೊಡ್ಡವರು ನಿಂತು ನೋಡುತ್ತಿದ್ದರು. ಬಿಡಿಸಲು ಯಾರೂ ಬರಲಿಲ್ಲ. ಮಕ್ಕಳ ಜಗಳ, ಅದರಲ್ಲೂ ಮಳೆಯ ಕೆಲಸ.

ಆ ಗದ್ದಲದಲ್ಲಿ ಗಾಡಿಯ ಸದ್ದು ನಮಗೆ ಕೇಳಲೇ ಇಲ್ಲ.

"ಏನ್ಲಾ ಇದು, ನಮ್ಮನೆ ಮುಂದೆ ಸಂತೆ?" ಅಪ್ಪನ ದನಿ ಕೇಳಿದ್ದೇ ಹುಡುಗರು ಹಿಂದೆ ಸರಿದರು. ಅಪ್ಪ ಕುದುರೆಯನ್ನು ಗಾಡಿಯಿಂದ ಬಿಚ್ಚಿದ್ದ. ಇಡೀ ದಿನ ಬಿಸಿಲಿನಲ್ಲಿ ಓಡಿದ್ದ ಅದು ಯಾರನ್ನೂ ಲೆಕ್ಕಿಸದೆ ನೇರವಾಗಿ ಬಾನಿಗೆ ಬಂದು ಮೂತಿ ಅದ್ದಿತು.

"ಅಪ್ಪಾ, ಬ್ಯಾಡ, ಹಿಡ್ಕೋ," ಎಂದಳು ಅಕ್ಕ. ಆಗಲೇ ತಡವಾಗಿತ್ತು.

ಕುದುರೆ ತಲೆಯನ್ನು ಮೇಲಕ್ಕೆ ಎಸೆಯಿತು. ಅದರ ಕೆಳತುಟಿಗೆ ಆ ಕಪ್ಪು ಚಿಪ್ಪು ಕಚ್ಚಿಕೊಂಡು ನೇತಾಡುತ್ತಿತ್ತು. ಕುದುರೆ ಹಾಗೆ ಕಿರುಚುವುದನ್ನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಮುಂಗಾಲೆತ್ತಿ ನಿಂತಿತು, ತಿರುಗಿತು, ಹಿಂಗಾಲು ಝಾಡಿಸಿ ಗಾಡಿಯ ಚಕ್ರದ ಅರಗಳನ್ನು ಮುರಿಯಿತು. ಅಪ್ಪ ಹಗ್ಗ ಹಿಡಿದು ಜಗ್ಗಿದ. ಅದು ಅವನನ್ನೇ ಎಳೆದುಕೊಂಡು ಹೋಗಿ ಜಗಲಿಯ ಕಂಬಕ್ಕೆ ಅಪ್ಪಳಿಸಿತು. ಅವನ ಹಣೆ ಒಡೆಯಿತು. ಹಣೆಯಿಂದ ಇಳಿದ ರಕ್ತ ಕಣ್ಣಿಗೆ ತುಂಬಿದರೂ ಅಪ್ಪ ಹಗ್ಗ ಬಿಡಲಿಲ್ಲ, ಚಾವಟಿಯ ಹಿಡಿಯಿಂದ ಅದರ ಕತ್ತಿಗೆ ಬಾರಿಸಿದ, ಮತ್ತೆ ಬಾರಿಸಿದ. ಕೊನೆಗೆ ಚಿಪ್ಪು ಕಳಚಿ ಹಾರಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಕೆರೆಯ ಕಪ್ಪೆಚಿಪ್ಪು ಕುದುರೆಯ ತುಟಿ ಹಿಡಿದೀತೇ? ಕಾಲೇಜಿನಲ್ಲಿ ಈ ಕಥೆ ಹೇಳಿದಾಗ ನನ್ನ ಮೇಷ್ಟರೊಬ್ಬರು ಕನ್ನಡಕ ತೆಗೆದು ನನ್ನನ್ನೇ ನೋಡಿದ್ದರು. ಎರಡು ಚಿಪ್ಪುಗಳನ್ನು ಒಳಗಿನಿಂದ ಎರಡು ಗಟ್ಟಿ ಸ್ನಾಯುಗಳು ಬಿಗಿಹಿಡಿದಿರುತ್ತವೆ. ಮುಟ್ಟಿದೊಡನೆ ಮುಚ್ಚಿಕೊಳ್ಳುವುದೊಂದೇ ಅದಕ್ಕೆ ಗೊತ್ತಿರುವ ಯುದ್ಧ. ನೀರಹಕ್ಕಿಗಳ ಕಾಲುಬೆರಳನ್ನು ಹಿಡಿದದ್ದು ಉಂಟು. ಕುದುರೆಯ ತುಟಿಯ ಮಾಂಸವೋ, ಬರೀ ಗಡ್ಡದ ಕೂದಲೋ, ನಾನು ಆಣೆ ಮಾಡಿ ಹೇಳಲಾರೆ. ಆದರೆ ಚಕ್ರ ಮುರಿದದ್ದು ಸುಳ್ಳಲ್ಲ. ಆ ಚಕ್ರ ರಿಪೇರಿಯಾಗುವವರೆಗೆ ಅಪ್ಪ ಸ್ಟೇಷನ್ನಿನಲ್ಲಿ ಹೊರೆ ಹೊತ್ತ.

ಅಪ್ಪ ಕುದುರೆಯನ್ನು ಕಟ್ಟಿದ. ಕಟ್ಟಿದ ಎಂದು ನನ್ನ ನೆನಪು. ಬಂದು, ಹುರುಳಿ ಒಡೆಯುವ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಮುಖದ ತುಂಬ ರಕ್ತ. ಯಾವುದನ್ನು, ಯಾರು, ಯಾಕೆ ಬಾನಿಗೆ ಹಾಕಿದರು ಎಂದೇನೂ ಅವನು ಕೇಳಲಿಲ್ಲ. ಚಿಪ್ಪು ಒಗೆಯುವ ಕಲ್ಲಿನ ಮೇಲೆ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡು ಬಿದ್ದಿತ್ತು.

ಅಕ್ಕ ಬಂದು ಅದರ ಮೇಲೆ ಕೈ ಇಟ್ಟಳು.

"ತಗೀ ಕೈಯ," ಎಂದ ಅಪ್ಪ.

ಅಕ್ಕ ತೆಗೆಯಲಿಲ್ಲ.

ಎರಡು ಸದ್ದು ಕೇಳಿತು. ಒಂದು, ಬೆಳಿಗ್ಗೆಯೆಲ್ಲ ಕೇಳಿದ್ದ ಸದ್ದು. ಇನ್ನೊಂದು ಅದಕ್ಕಿಂತ ಸಣ್ಣದು.

ಅಕ್ಕ ಅಳಲಿಲ್ಲ. ಕೈಯನ್ನು ಎತ್ತಿ ನೋಡಿಕೊಂಡಳು. ಉಂಗುರದ ಬೆರಳು ಬೇರೆ ಯಾರದೋ ಎಂಬಂತೆ ಒಂದು ಕಡೆಗೆ ತಿರುಗಿತ್ತು. ಆ ಕೈಯ ಕೆಳಗೆ ಚಿಪ್ಪು ಚೂರಾಗಿತ್ತು. ಎದುರುಮನೆಯಣ್ಣ ಮೆಲ್ಲಗೆ ಹತ್ತಿರ ಬಂದು ಬಗ್ಗಿದ. ಬೂದು ಮಾಂಸ, ಹರಿದ ಪಾದ, ನೀರು. ಪರದೆಯಂಥ ಕಿವಿರುಗಳು ಊದಿಕೊಂಡು, ಅವುಗಳಿಂದ ಹಳದಿ ರವೆಯಂಥದ್ದು ಕಲ್ಲಿನ ಮೇಲೆಲ್ಲ ಸುರಿದಿತ್ತು.

"ನೋಡ್ಕೋ," ಎಂದಳು ಅಕ್ಕ. "ಕಪ್ಪೆ ಎಲ್ಲೈತೆ ತೋರ್ಸು."

"ಇದೂ ಇನ್ನೂ ಎಳೇ..." ಎಂದು ಅವನು ಬಾಯಿ ತೆಗೆದ. ಅಪ್ಪ ಅವನ ಕೆನ್ನೆಗೆ ಬಿಟ್ಟ ಏಟಿಗೆ ಅವನು ಬಾನಿಯ ಪಕ್ಕ ಕುಕ್ಕರಿಸಿದ. ಒನಕೆ ಹೊತ್ತಿದ್ದವನು ಅದನ್ನು ಹೆಗಲಿನಿಂದ ಇಳಿಸಿ ಎಳೆದುಕೊಂಡು ಹೋದ.

ಅಪ್ಪ ತಲೆಗೆ ಸುತ್ತಿದ್ದ ವಸ್ತ್ರವನ್ನು ಬಿಚ್ಚಿ ಅಕ್ಕನ ಕೈಗೆ ಕಟ್ಟಿದ. ಅವನ ಹಣೆಯ ರಕ್ತ ಅವಳ ಲಂಗದ ಮೇಲೆ ತೊಟ್ಟಿಕ್ಕುತ್ತಿತ್ತು. ಚಕ್ರ ಮುರಿದಿತ್ತಲ್ಲ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮೂಳೆ ಕಟ್ಟುವವರ ಮನೆಗೆ ಹೊರಟ. ಅಷ್ಟು ದೊಡ್ಡ ಹುಡುಗಿಯನ್ನು ಮಗುವಿನ ಹಾಗೆ ಹೊತ್ತದ್ದನ್ನು ನೋಡಿ ಯಾರೂ ನಗಲಿಲ್ಲ. ಹೋಗುವ ಮುಂಚೆ ಅಕ್ಕ ನನ್ನ ಕಡೆ ನೋಡಿ, "ಅದನ್ನ ನೀರಿಗೆ ಬುಟ್ಟು ಬಾರೋ," ಎಂದಳು.

ನಾನು ಚೂರುಗಳನ್ನೂ ಮಾಂಸವನ್ನೂ ಆ ಹಳದಿ ರವೆಯನ್ನೂ ಚೊಂಬಿನೊಳಗೆ ಬಳಿದುಕೊಂಡು ಕೆರೆಗೆ ಓಡಿದೆ. ನಾಯಿಗಳು ಹಿಂದೆ ಬಂದವು. ಕಲ್ಲು ಹೊಡೆದು ಓಡಿಸಿ, ಮಡುವಿನ ಅಂಚಿನಲ್ಲಿ ತೊಡೆಮಟ್ಟ ಕೆಸರಿಗೆ ಇಳಿದು ಸುರಿದೆ. ಬೆರಳುದ್ದದ ಮೀನುಗಳು ಬಂದು ಮಾಂಸಕ್ಕೆ ಮುತ್ತಿಕೊಂಡವು. ಎಳೆದಾಡಿದವು, ಒಂದನ್ನೊಂದು ಕಚ್ಚಿದವು. ಸ್ವಲ್ಪ ಹೊತ್ತಿಗೆ ಏನೂ ಉಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಸೂಕ್ಷ್ಮದರ್ಶಕದ ಕೆಳಗೆ ಅಂಥದೇ ಹಳದಿ ರವೆಯನ್ನು ನೋಡಿದೆ. ಒಂದೊಂದು ಕಣವೂ ಎರಡು ಪುಟ್ಟ ಚಿಪ್ಪು, ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿತ್ತು. ತಾಯಿ ಅವನ್ನು ತನ್ನ ಕಿವಿರಿನಲ್ಲೇ ಇಟ್ಟುಕೊಂಡು ಸಾಕುತ್ತದೆ. ಹೊರಗೆ ಬಿದ್ದ ಮೇಲೆ ಯಾವುದಾದರೂ ಮೀನಿನ ರೆಕ್ಕೆಯನ್ನೋ ಕಿವಿರನ್ನೋ ಕಚ್ಚಿ ಹಿಡಿದರಷ್ಟೇ ಬದುಕು. ಕೆಲವು ವಾರ ಮೀನಿನ ಮೈಯಲ್ಲೇ ಬೆಳೆದು, ಕಳಚಿಕೊಂಡು ಕೆಸರಿಗೆ ಬೀಳುತ್ತವೆ. ಮೀನು ಸಿಗದವು ಸಾಯುತ್ತವೆ. ಅಂದರೆ ಅಂದು ಬಂದ ಮೀನುಗಳಿಗೆ ಒಂದೆರಡಾದರೂ ಹತ್ತಿಕೊಂಡಿರಬಹುದು. ಅಥವಾ ಕಲ್ಲಿನ ಮೇಲೇ ಎಲ್ಲ ಒಣಗಿ ಸತ್ತಿರಬಹುದು. ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿದೆ. ನಾನು ಅಂದು ನಿಜವಾಗಿ ಹಳದಿ ರವೆಯನ್ನು ಕಂಡೆನೇ, ಇಲ್ಲ ಕಾಲೇಜಿನಲ್ಲಿ ಕಂಡದ್ದನ್ನು ತಂದು ಆ ಕಲ್ಲಿನ ಮೇಲೆ ಸುರಿದೆನೇ? ಗೊತ್ತಿಲ್ಲ. ಮಳೆಯೂ ಹಾಗೆಯೇ. ಅಂದೇ ಸಂಜೆ ಸುರಿಯಿತು ಎಂದರೆ ಕಥೆಗೆ ಚೆನ್ನ. ನನಗೆ ಹಾಗೆ ನೆನಪಿಲ್ಲ, ಅದಕ್ಕೇ ಹೇಳುವುದಿಲ್ಲ.

ಮೊನ್ನೆ ರಜದಲ್ಲಿ ನಾನೀಗಿರುವ ಶೆಟ್ಟಿಹಳ್ಳಿಯ ಮನೆಯಲ್ಲಿ ಮೊಮ್ಮಗಳು ಫೋನಿನಲ್ಲಿ ಸಮುದ್ರದ ಕಪ್ಪೆಚಿಪ್ಪೊಂದನ್ನು ತೋರಿಸಿದಳು. ಬೀಸಣಿಗೆಯಂಥ ಪುಟ್ಟ ಚಿಪ್ಪು. ತೀರದ ಹತ್ತಿರ, ಆಳವಿಲ್ಲದ ನೀರಿನ ಹುಲ್ಲಿನಲ್ಲಿ ಅದರ ವಾಸ. ಮರಿಗಳು ಕೆಳಗಿನ ಏಡಿಗಳಿಗೆ ಸಿಗದಂತೆ ಹುಲ್ಲಿನ ಎಸಳಿಗೆ ದಾರ ಕಟ್ಟಿಕೊಂಡು ಜೋತಾಡುತ್ತವೆ. ದೊಡ್ಡವಾದ ಮೇಲೆ ಚಿಪ್ಪಿನ ಅಂಚಿನ ಉದ್ದಕ್ಕೂ ಸಾಸಿವೆಯಷ್ಟು ನೀಲಿ ಕಣ್ಣುಗಳ ಸಾಲು. ನಕ್ಷತ್ರಮೀನು ತಿನ್ನಲು ಹತ್ತಿರ ಬಂದರೆ ಅದು ಚಿಪ್ಪನ್ನು ಪಟಪಟ ಬಡಿದು, ನೀರನ್ನು ಹಿಂದಕ್ಕೆ ಚಿಮ್ಮಿ ಹಾರಿಹೋಗುತ್ತದೆ. ಚಪ್ಪಾಳೆ ತಟ್ಟಿಕೊಂಡು ಓಡಿದ ಹಾಗೆ. ಮೊಮ್ಮಗಳು ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನಕ್ಕಳು. ನಾನು ಅವಳಿಗೆ ಈ ದಿನದ ಕಥೆಯನ್ನು ಹೇಳಿದೆ. ನಮ್ಮ ಕೆರೆಯದಕ್ಕೆ ಕಣ್ಣೂ ಇಲ್ಲ, ಹಾರಲೂ ಬರುವುದಿಲ್ಲ ಎಂದೂ ಹೇಳಿದೆ.

ಅವಳು ಆಮೇಲೆ ಚಿಪ್ಪಿನ ಬಗ್ಗೆ ಏನೂ ಕೇಳಲಿಲ್ಲ. "ಮಗಳ ಕೈ ಮೇಲೆ ಕಲ್ಲು ಹಾಕಿದ್ರಾ?" ಎಂದಳು. "ಯಾರೂ ಏನೂ ಅನ್ಲಿಲ್ವಾ?" ಯಾರೂ ಏನೂ ಅನ್ನಲಿಲ್ಲ. ನಮ್ಮ ಕಾಲದಲ್ಲಿ ಅಪ್ಪಂದಿರ ಏಟು ಬಿಸಿಲು ಮಳೆಯ ಹಾಗೆ ಬರುತ್ತಿತ್ತು, ಹೋಗುತ್ತಿತ್ತು. ಅವಳ ಸ್ಕೂಲಿನಲ್ಲಿ ಹೊಡೆದ ಮೇಷ್ಟರ ಬಗ್ಗೆ ದೂರು ಹೇಳಲು ಗೋಡೆಯ ಮೇಲೆ ಒಂದು ಫೋನ್ ನಂಬರನ್ನೇ ಬರೆದಿದ್ದಾರಂತೆ.

ಮರುದಿನ ಅವಳು ಹಟಮಾಡಿ ನನ್ನನ್ನು ಉಪ್ಪಾರಹಳ್ಳಿಗೆ ಕರೆದುಕೊಂಡು ಹೋದಳು. ಅಕ್ಕ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಕೂದಲು ಪೂರ್ತಿ ನೆರೆತಿದೆ, ಆ ಬೆರಳು ಈಗಲೂ ಒಂದು ಕಡೆಗೆ ತಿರುಗಿದೆ. ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು.

"ದೊಡ್ಡಜ್ಜಿ, ಈ ಬೆರಳು ನಿಮ್ಮಪ್ಪ ಮುರಿದಿದ್ದಾ?"

ಅಕ್ಕ ನನ್ನ ಮುಖ ನೋಡಿದಳು. "ಇವನು ಹೇಳಿದ್ನಾ? ಕುದುರೆ ಕಣೇ. ಕುದುರೆ ತುಳೀತು. ಇವನಿಗೇನ್ ಗೊತ್ತು, ಬಾಯ್ ತುಂಬ ರಕ್ತ ಮಾಡ್ಕೊಂಡು ಹಿಂದ್ಗಡೆ ನಿಂತಿದ್ದ."

ಅಕ್ಕ ಮೊದಲಿನಿಂದಲೂ ಹೀಗೇ ಹೇಳುವುದು. ಅಪ್ಪ ಸತ್ತು ಎಷ್ಟೋ ಕಾಲವಾದರೂ ಅದೇ ಮಾತು. ಕುದುರೆ ತುಳಿದಿದ್ದರೆ ಒಂದು ಬೆರಳಲ್ಲ, ಇಡೀ ಕೈ ಹೋಗುತ್ತಿತ್ತು ಎಂದು ನನ್ನ ವಾದ. ನಾನು ಹಿಂದೆ ನಿಂತಿದ್ದೆ ಎಂಬುದೂ ನಿಜ. ಕುದುರೆಯನ್ನು ಅಪ್ಪ ಕಟ್ಟಿದ್ದನೋ ಇಲ್ಲವೋ ಎಂದು ಯೋಚಿಸಿದಷ್ಟೂ ಆ ಹಗ್ಗ ನನ್ನ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. ಅಲ್ಲಿದ್ದವರಲ್ಲಿ ಈಗ ಉಳಿದಿರುವವರು ನಾವಿಬ್ಬರೇ. ನಮ್ಮಿಬ್ಬರಿಗೂ ಒಮ್ಮತವಿಲ್ಲ.

ಮೊಮ್ಮಗಳು ಅಕ್ಕನ ಪಕ್ಕ ಕುಳಿತು ತಾನೂ ಒಂದು ಅವರೆಕಾಯಿ ಎತ್ತಿಕೊಂಡಳು. ಬಿಡಿಸಲು ಬರದೆ ಅದನ್ನು ತಿರುಗಿಸುತ್ತ, "ನನಗೆ ಯಾರಾದ್ರೂ ಹಂಗ್ ಮಾಡಿದ್ರೆ ನಾನು ಹೇಳ್ತಿದ್ದೆ," ಎಂದಳು. "ಅಪ್ಪ ಮಾಡಿದ್ರೂ ಹೇಳ್ತಿದ್ದೆ."

ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ಹೇಳು," ಎಂದಳು. "ನೀನು ಹೇಳ್ಬೇಕು ಕಣೇ."